ಮೈದಾನ ನೋಡದೇ ಕಾಮೆಂಟರಿ: ಕಪಿಲ್ 175 ಅನ್ನು ಮಕ್ಕಳಿಂದ ಮಾಡಿಸುವುದು ಹೇಗೆ?

ಶಿರಸಿ ಟೀಚರ್

ಎಲ್ಲರಿಗೂ ನಮಸ್ಕಾರ. ಶಿರಸಿ ಹತ್ತಿರದ ಒಂದು ಹೈಸ್ಕೂಲಲ್ಲಿ ಕಲಿಸುತ್ತೇನೆ. ಈ ಸಲದ ಗ್ಯಾದರಿಂಗಿಗೆ ಒಂಬತ್ತನೇ ಕ್ಲಾಸಿನ ಮಕ್ಕಳು ಒಂದು ಐಡಿಯಾ ತಂದಿದ್ದಾರೆ. 1983ರ ಜೂನ್ 18ಕ್ಕೆ ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ ಹೊಡೆದ 175 ರನ್‌ ಇದೆಯಲ್ಲ, ಅದನ್ನು ರೇಡಿಯೋ ಕಾಮೆಂಟರಿ ಥರ ಕನ್ನಡದಲ್ಲಿ ಮಾಡಬೇಕಂತೆ. ಆ ಆಟದ ವಿಡಿಯೋ ಇಲ್ಲ. ನಮ್ಮ ಕೈಲಿ ಇರುವುದು ಸ್ಕೋರ್‌ಕಾರ್ಡ್ ಮಾತ್ರ.

ಅಮೆರಿಕದಲ್ಲಿ ರೇಡಿಯೋದ ಶುರುವಿನ ಕಾಲದಲ್ಲಿ ಬೇಸ್‌ಬಾಲ್ ಆಟವನ್ನು ನೋಡದೇ, ಸ್ಟುಡಿಯೋದಲ್ಲಿ ಕೂತೇ ವರದಿ ಮಾಡುತ್ತಿದ್ದರು ಅಂತ ಎಲ್ಲೋ ಓದಿದ್ದೆ. ಅದು ಹೇಗೆ ನಡೆಯುತ್ತಿತ್ತು? ಇನ್ನೊಂದು, ಒಬ್ಬ ಪಾಲಕರು ಕೇಳಿದರು: ಕಾಣದ್ದನ್ನು ಕಂಡ ಹಾಗೆ ಹೇಳುವುದು ಮಕ್ಕಳಿಗೆ ಸುಳ್ಳು ಕಲಿಸಿದ ಹಾಗಲ್ಲವಾ? ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ.

ಕಾರವಾರ ಕೇಳುಗ

ಟೀಚರ್, ತುಂಬಾ ಒಳ್ಳೆ ಕೆಲಸ. ಬೇಸ್‌ಬಾಲ್ ಕಥೆ ನನಗೆ ಬಹಳ ಇಷ್ಟದ್ದು, ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ಸ್ಟೇಷನ್ ಮೊದಲ ಸಲ ಬೇಸ್‌ಬಾಲ್ ಆಟವನ್ನು ರೇಡಿಯೋದಲ್ಲಿ ಕೊಟ್ಟಿತು. ಹೆರಾಲ್ಡ್ ಆರ್ಲಿನ್ ಮೈದಾನದಲ್ಲೇ ಕೂತು ನೋಡಿ ಹೇಳಿದ್ದು. ಅದೇ ವರ್ಷದ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲಿನ ಫೈನಲ್ ಸರಣಿ, ಬಂದಾಗ ನ್ಯೂವಾರ್ಕಿನ ಡಬ್ಲ್ಯೂಜೆಝಡ್ ಸ್ಟೇಷನ್‌ನಲ್ಲಿ ಬೇರೆಯೇ ನಡೆಯಿತು. ಟಾಮಿ ಕೋವನ್ ಎಂಬುವವರು ಕಾರ್ಖಾನೆಯ ಮಾಳಿಗೆ ಮೇಲಿನ ಶೆಡ್ಡಿನಲ್ಲಿ ಕೂತಿದ್ದರು, ನ್ಯೂಯಾರ್ಕಿನ ಮೈದಾನದಿಂದ ಫೋನಿನಲ್ಲಿ ಬಂದದ್ದನ್ನು ಮೈಕಿಗೆ ಹೇಳುತ್ತಾ ಹೋದರು. ಅಂದರೆ ನೋಡಿ ಹೇಳುವುದು, ನೋಡದೇ ಹೇಳುವುದು ಎರಡೂ ಒಂದೇ ವರ್ಷ ಹುಟ್ಟಿದವು.

ಆಮೇಲೆ ಇದು ಯಾಕೆ ಅಷ್ಟು ಬೆಳೆಯಿತು ಅಂದರೆ ದುಡ್ಡು. ತಂಡ ಬೇರೆ ಊರಿಗೆ ಆಡಲು ಹೋದರೆ ಅಲ್ಲಿಂದ ಪ್ರಸಾರಕ್ಕೆ ಟೆಲಿಫೋನ್ ಲೈನ್ ಬಾಡಿಗೆ ಹಿಡಿಯಬೇಕು, ಅನೌನ್ಸರನ್ನೂ ಕಳಿಸಬೇಕು. ಟೆಲಿಗ್ರಾಫ್ ಅದಕ್ಕಿಂತ ಎಷ್ಟೋ ಅಗ್ಗ. ಮೈದಾನದಲ್ಲಿ ವೆಸ್ಟರ್ನ್ ಯೂನಿಯನ್ ಎಂಬ ಟೆಲಿಗ್ರಾಫ್ ಕಂಪನಿಯ ಆಪರೇಟರ್ ಒಂದೊಂದು ಎಸೆತಕ್ಕೂ ಮೋರ್ಸ್ ಸಂಕೇತದಲ್ಲಿ ಚುಟುಕು ಸಂದೇಶ ಕಳಿಸುತ್ತಿದ್ದ. 'ಎಸ್ 1 ಸಿ' ಬಂತು ಅಂದರೆ ಮೊದಲ ಸ್ಟ್ರೈಕ್ (ಬ್ಯಾಟರ್ ಲೆಕ್ಕಕ್ಕೆ ಬೀಳುವ ತಪ್ಪು, ಮೂರಾದರೆ ಔಟ್), ಬ್ಯಾಟರ್ ಬೀಸಲಿಲ್ಲ, ಅಂಪೈರ್ ಕೊಟ್ಟದ್ದು. ಅಷ್ಟೇ. ಬ್ಯಾಟರ್ ಅಂಪೈರ್ ಕಡೆ ತಿರುಗಿ ನೋಡಿದನಾ, ಚೆಂಡು ಎಸೆಯುವ ಪಿಚರ್ ಟೋಪಿ ಸರಿ ಮಾಡಿಕೊಂಡನಾ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಇದೆಲ್ಲ ಸ್ಟುಡಿಯೋದಲ್ಲಿ ಕೂತವನ ತಲೆಯಿಂದ ಬರಬೇಕು. ಅದೂ ಅಲ್ಲೇ, ಆ ಕ್ಷಣದಲ್ಲೇ.

ಬ್ಯಾಟಿನ ಸದ್ದಿಗೆ ಮರದ ತುಂಡಿಗೆ ಕೋಲು ಬಡಿಯುವುದು, ಜನರ ಗದ್ದಲಕ್ಕೆ ಗ್ರಾಮಫೋನ್ ರೆಕಾರ್ಡ್. ಇದನ್ನು ತುದಿಗೆ ಮುಟ್ಟಿಸಿದವರು ಡಲ್ಲಾಸ್‌ನ ಗಾರ್ಡನ್ ಮೆಕ್‌ಲೆಂಡನ್. ಬೇರೆ ಬೇರೆ ಮೈದಾನದ ಜನರ ಸದ್ದನ್ನು ರೆಕಾರ್ಡ್ ಮಾಡಿಸಿ ಇಟ್ಟುಕೊಂಡಿದ್ದರು. ಮೈದಾನದ ಲೌಡ್‌ಸ್ಪೀಕರ್ ಹಾಗೆ ಪ್ರತಿಧ್ವನಿ ಬರಲಿ ಅಂತ ಪಾಯಖಾನೆಯೊಳಗೆ ಮಾತಾಡಿಸುತ್ತಿದ್ದರು! ಅವರ ಲಿಬರ್ಟಿ ನೆಟ್‌ವರ್ಕ್‌ಗೆ 400ಕ್ಕೂ ಹೆಚ್ಚು ಸ್ಟೇಷನ್ ಸೇರಿದ್ದವು. 1952ರಲ್ಲಿ ಮುಚ್ಚಿತು.

ಕುಮಟಾ ಆಲ್‌ರೌಂಡರ್

ರೇಗನ್ ಕಥೆ ಬಿಟ್ಟರೆ ಹೇಗೆ! ಮುಂದೆ ಅಮೆರಿಕದ ಅಧ್ಯಕ್ಷರಾದ ರೊನಾಲ್ಡ್ ರೇಗನ್ 1930ರ ದಶಕದಲ್ಲಿ ಅಯೋವಾದ ಡೆ ಮೊಯಿನ್‌ನಲ್ಲಿ ಡಬ್ಲ್ಯೂಎಚ್‌ಓ ಸ್ಟೇಷನ್ನಿನ ಅನೌನ್ಸರ್. ಶಿಕಾಗೋ ಕಬ್ಸ್ ತಂಡದ ಆಟಗಳನ್ನು ಹೀಗೇ ನೋಡದೇ ಹೇಳುತ್ತಿದ್ದರು. ಒಂದು ದಿನ ಆಟದ ನಡುವೆ ಟೆಲಿಗ್ರಾಫ್ ಲೈನ್ ಸತ್ತಿತು. ಲೈನ್ ಹೋಯಿತು ಅಂದರೆ ಕೇಳುಗರು ಬೇರೆ ಸ್ಟೇಷನ್ನಿಗೆ ತಿರುಗಿಸುತ್ತಾರೆ. ಅದಕ್ಕೆ ಅವರು ಬ್ಯಾಟರ್ ಕೈಲಿ ಫೌಲ್ (ಗೆರೆಯಾಚೆ ಹೋಗುವ ಹೊಡೆತ) ಮೇಲೆ ಫೌಲ್ ಹೊಡೆಸಿದರು. ಆರು ನಿಮಿಷಕ್ಕೂ ಜಾಸ್ತಿ ಹೀಗೆ ಎಳೆದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಕೊನೆಗೆ ಲೈನ್ ಬಂತು. ನೋಡಿದರೆ ಬ್ಯಾಟರ್ ಮೊದಲ ಎಸೆತಕ್ಕೇ ಔಟಾಗಿದ್ದ!

ಫೌಲೇ ಯಾಕೆ ಗೊತ್ತಾ? ಬೇಸ್‌ಬಾಲಿನಲ್ಲಿ ಎರಡು ಸ್ಟ್ರೈಕ್ ಆದ ಮೇಲೆ ಎಷ್ಟು ಫೌಲ್ ಹೊಡೆದರೂ ಸಾಮಾನ್ಯವಾಗಿ ಔಟ್ ಇಲ್ಲ, ರನ್ನೂ ಇಲ್ಲ. ಮರುದಿನ ಪೇಪರಿನ ಸ್ಕೋರಿನಲ್ಲಿ ಅದು ಕಾಣುವುದೇ ಇಲ್ಲ. ಸಿಕ್ಕಿಬೀಳುವ ಭಯ ಇಲ್ಲ.

ಟೀಚರ್, ಕ್ರಿಕೆಟ್ಟಿನಲ್ಲಿ ಈ ಕಳ್ಳದಾರಿ ಇಲ್ಲ. ಓವರಿಗೆ ಆರೇ ಚೆಂಡು, ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ. ಆದರೂ ಕ್ರಿಕೆಟ್ಟಲ್ಲೂ ಇದನ್ನು ಮಾಡಿದ್ದಾರೆ. 1938ರಲ್ಲಿ ಆಸ್ಟ್ರೇಲಿಯಾ ತಂಡ ಇಂಗ್ಲೆಂಡಿಗೆ ಹೋದಾಗ ಅಲ್ಲಿನ ಸರ್ಕಾರಿ ರೇಡಿಯೋ ಎಬಿಸಿಯವರು ಸಿಡ್ನಿ ಸ್ಟುಡಿಯೋದಲ್ಲೇ ಕೂತು ಟೆಸ್ಟ್ ಕಾಮೆಂಟರಿ ಕೊಟ್ಟರು. ಇಂಗ್ಲೆಂಡಿನಿಂದ ಓವರ್ ಓವರಿಗೆ ಸಂಕೇತದ ಕೇಬಲ್, ಅದನ್ನು ಬಿಡಿಸಿ ಬರೆದುಕೊಡಲು ಜನ, ಮೈಕಿನ ಮುಂದೆ ಆಲನ್ ಮೆಕ್‌ಗಿಲ್‌ವ್ರೇ ಮತ್ತು ಜೊತೆಯವರು. ಬ್ಯಾಟಿಗೆ ಚೆಂಡು ತಾಗಿದ ಸದ್ದು? ಮರಕ್ಕೆ ಪೆನ್ಸಿಲ್ ಬಡಿದದ್ದು. ನಿಮ್ಮ ಮಕ್ಕಳಿಗೆ ಬೇಸ್‌ಬಾಲಿಗಿಂತ ಇದೇ ಹತ್ತಿರದ ದಾರಿ.

ಆದರೆ ಅವರ ಹತ್ತಿರ ಓವರ್ ಓವರಿನ ಕೇಬಲ್ ಇತ್ತು, ನಿಮ್ಮ ಹತ್ತಿರ ಅದೂ ಇಲ್ಲ. ಕಪಿಲ್ 138 ಎಸೆತದಲ್ಲಿ 16 ಫೋರ್, 6 ಸಿಕ್ಸ್ ಹೊಡೆದರು ಅಂತ ಕಾರ್ಡಿನಲ್ಲಿದೆ. ಯಾವ ಚೆಂಡಿಗೆ ಯಾವುದು ಅಂತ ಇಲ್ಲ. ಅದನ್ನು ಏನು ಮಾಡುತ್ತೀರಿ?

ಸಿದ್ದಾಪುರ ಮದ್ದಲೆ

ಪಾಲಕರ ಪ್ರಶ್ನೆ ಸರಿಯಾಗಿದೆ, ತಳ್ಳಿಹಾಕಬೇಡಿ. ಅಮೆರಿಕದಲ್ಲೂ ಅದೇ ಪ್ರಶ್ನೆ ಇತ್ತು. ರೆಡ್ ಬಾರ್ಬರ್ ಅಂತ ಬ್ರೂಕ್ಲಿನ್ ತಂಡದ ದೊಡ್ಡ ಅನೌನ್ಸರ್. ತಂಡ ಹೊರಗೆ ಆಡುವಾಗ ಅವರೂ ಸ್ಟುಡಿಯೋದಿಂದಲೇ ಹೇಳುತ್ತಿದ್ದರು. ಆದರೆ ಸುಳ್ಳು ಚಪ್ಪಾಳೆ ಇಲ್ಲ, ಮರ ಬಡಿಯುವುದೂ ಇಲ್ಲ. ಟೆಲಿಗ್ರಾಫ್ ಯಂತ್ರದ ಟಿಕ್ ಟಿಕ್ ಕೇಳುಗರಿಗೆ ಕೇಳಲಿ ಅಂತ ಮೈಕನ್ನು ಅದರ ಹತ್ತಿರವೇ ಇಡುತ್ತಿದ್ದರು. ನಾನು ಅಲ್ಲಿಲ್ಲ, ಸುದ್ದಿ ತಂತಿಯಲ್ಲಿ ಬರುತ್ತಿದೆ ಅನ್ನುವುದು ಆ ಟಿಕ್ ಟಿಕ್‌ನಲ್ಲೇ ಗೊತ್ತಾಗುತ್ತಿತ್ತು. ಆದರೂ ಜನ ಕೇಳಿದರು.

ನಮ್ಮ ಕಡೆಯವರಿಗೆ ಇದು ಹೊಸದಲ್ಲ. ತಾಳಮದ್ದಲೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಪಂಚೆ ಶಾಲು ಹಾಕಿ ಕೂತವರು ಮಾತಿನಲ್ಲೇ ಕೌರವನ ಸಭೆ ಕಟ್ಟುತ್ತಾರೆ. ಅಲ್ಲಿ ಯಾರಿಗೂ ಮೋಸ ಆಗುವುದಿಲ್ಲ. ಭಾಗವತರು ಹಾಡುವ ಪದ್ಯ ಪ್ರಸಂಗದಲ್ಲಿ ಇದ್ದ ಹಾಗೇ, ಅರ್ಥ ಮಾತ್ರ ಅರ್ಥಧಾರಿಯದು. ಸ್ಕೋರ್‌ಕಾರ್ಡನ್ನು ಪದ್ಯ ಅಂದುಕೊಳ್ಳಿ. ಅದರಲ್ಲಿ ಒಂದಕ್ಷರ ಬದಲಾಯಿಸಬಾರದು. ಮೆಕ್‌ಲೆಂಡನ್ ದಾರಿ ನನಗೆ ಒಪ್ಪಿಗೆ ಇಲ್ಲ, ಎಷ್ಟೇ ಚಂದ ಕೇಳಿಸಿದರೂ.

ಕಾರವಾರ ಕೇಳುಗ

ಮೆಕ್‌ಲೆಂಡನ್ ಬಗ್ಗೆ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ದೊಡ್ಡ ತಂಡಗಳ ಊರಿನಿಂದ ದೂರ, ಸಣ್ಣ ಊರುಗಳಲ್ಲಿದ್ದ ಎಷ್ಟೋ ಜನರಿಗೆ ದಿನಾ ಆಟ ಕೇಳಲು ಸಿಕ್ಕಿದ್ದೇ ಅವರಿಂದ. ಸದ್ದು ಸೇರಿಸುವುದು ತಪ್ಪಲ್ಲ. ನಡೆಯದ್ದನ್ನು ನಡೆಯಿತು ಅನ್ನುವುದು ತಪ್ಪು, ಅಲ್ವಾ? ಶುರುವಿನಲ್ಲೇ ಒಂದು ಮಾತು ಹೇಳಿಬಿಟ್ಟರೆ ಸಾಕು.

ಶಿರಸಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಲಕರಿಗೆ ಈ ಚರ್ಚೆಯನ್ನೇ ತೋರಿಸುತ್ತೇನೆ. ಮಕ್ಕಳ ಜೊತೆ ಕೂತು ಹೀಗೆ ಮಾಡೋಣ ಅಂದುಕೊಂಡಿದ್ದೇವೆ: ಚೆಂಡು ಚೆಂಡಿಗೆ ಹೇಳುವುದು ಬೇಡ, ವಿಕೆಟ್ ಬಿದ್ದ ಲೆಕ್ಕವನ್ನೇ ಹಿಡಿದು ಹೋಗುವುದು. ಸೊನ್ನೆಗೆ ಮೊದಲನೇದು, 6ಕ್ಕೆ ಎರಡನೇದು ಮೂರನೇದು ಎರಡೂ, 9ಕ್ಕೆ ನಾಲ್ಕನೇದು, 17ಕ್ಕೆ ಐದನೇದು. ಗಾವಸ್ಕರ್ ಸೊನ್ನೆ, ಶ್ರೀಕಾಂತ್ ಸೊನ್ನೆ. ಅಲ್ಲಿಂದ ನಮ್ಮ ರೋಜರ್ ಬಿನ್ನಿ ಜೊತೆ 60, ಮದನ್ ಲಾಲ್ ಜೊತೆ 62, ಕೊನೆಗೆ ನಮ್ಮ ಕಿರ್ಮಾನಿ ಜೊತೆ ಮುರಿಯದ 126. ಒಟ್ಟು 266. ಕಾರ್ಡಿನಲ್ಲೇ ಇಷ್ಟು ಕಥೆ ಇರುವಾಗ ಸುಮ್ನೆ ಕಟ್ಟುವುದು ಯಾಕೆ? ಒಬ್ಬಳು ಹುಡುಗಿ ಮೇಜಿನ ಹತ್ತಿರ ಕೂತು ಚೀಟಿ ಬರೆದು ಕೊಡುತ್ತಾಳೆ, ಅದು ಎಲ್ಲರಿಗೂ ಕಾಣುವ ಹಾಗೆ ವೇದಿಕೆ ಮೇಲೇ. ಜನರ ಸದ್ದಿಗೆ ಮಾತ್ರ ಏನು ಹಾಕಬೇಕು ತಿಳಿಯುತ್ತಿಲ್ಲ.

ಕುಮಟಾ ಆಲ್‌ರೌಂಡರ್

ಚೀಟಿ ಬರೆಯುವ ಹುಡುಗಿ ವೇದಿಕೆ ಮೇಲೆ, ಇದು ಬಹಳ ಚಲೋ ಆಯಿತು. ಸದ್ದಿಗೆ ಈಡನ್ ಗಾರ್ಡನ್ ಥರದ ಗದ್ದಲ ಹಾಕಬೇಡಿ ಮಾರಾಯ್ರೇ. ಟನ್‌ಬ್ರಿಜ್ ವೆಲ್ಸ್‌ನದು ಸಣ್ಣ ಮೈದಾನ, ಸುತ್ತ ಮರ, ಹೂವಿನ ಪೊದೆ. ನಿಮ್ಮ ಶಾಲೆಯ ಮಕ್ಕಳೇ ಅಂಗಳದಲ್ಲಿ ನಿಂತು ಚಪ್ಪಾಳೆ ಹೊಡೆಯಲಿ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. 17ಕ್ಕೆ 5 ಆಗುವವರೆಗೆ ಚಪ್ಪಾಳೆ ಕಮ್ಮಿ ಇರಲಿ, 200 ದಾಟಿದ ಮೇಲೆ ಜೋರು. ಬ್ಯಾಟಿಗೆ ಮಾತ್ರ ಪೆನ್ಸಿಲ್ ಮತ್ತು ಹಲಸಿನ ಮರದ ತುಂಡು, ಮೈಕಿಗೆ ತೀರಾ ಹತ್ತಿರ ಹಿಡಿಯಬೇಡಿ, ಬಾಗಿಲು ತಟ್ಟಿದ ಹಾಗೆ ಕೇಳುತ್ತದೆ. ರೆಕಾರ್ಡಿಂಗ್ ಆದರೆ ಇಲ್ಲಿ ಹಾಕಿ.