ಫೋರ್ಟ್‌ನೈಟ್ ಬಿಡಿಸಿದರೆ ಸಾಕಾ?

ಮಗ ಫೋರ್ಟ್‌ನೈಟ್ ಅನ್ನೋ ಗುಂಡು ಹಾರಿಸುವ ವಿಡಿಯೋ ಗೇಮ್ ಆಡುತ್ತಾನೆ, ಇಲ್ಲಿ ಅಮೆರಿಕದ ಶಾಲೆಗಳಲ್ಲಿ ಗುಂಡು ಹಾರಿದ ಸುದ್ದಿ ನೋಡಿದರೆ ಎದೆ ಝಲ್ಲೆನ್ನುತ್ತದೆ, ಆಟ ಬಿಡಿಸಿಬಿಡಬೇಕಾ ಅಂತ ಇಲ್ಲಿರುವ ನಮ್ಮ ಕನ್ನಡಿಗರ ಗುಂಪಿನಲ್ಲಿ ಒಬ್ಬರು ಕೇಳಿದ್ದಾರೆ. ಬಂದಿರುವ ಉತ್ತರಗಳಲ್ಲಿ ಅರ್ಧಕ್ಕರ್ಧ ಹಾಲಿವುಡ್‌ಗೂ ವಿಡಿಯೋ ಗೇಮ್‌ಗೂ ಹಿಡಿಶಾಪ ಹಾಕಿವೆ. ನನಗೆ ಇದು ಒಪ್ಪಿಗೆಯಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೇಮ್ ಮೇಲೆ ತಪ್ಪು ಹೊರಿಸೋದು ಇಲ್ಲಿ ಹಳೇ ಚಾಳಿ. 1999ರಲ್ಲಿ ಕೊಲಂಬೈನ್ ಶಾಲೆಯಲ್ಲಿ ಗುಂಡು ಹಾರಿಸಿದ ಹುಡುಗರು ಡೂಮ್ ಅನ್ನೋ ಗುಂಡು ಹಾರಿಸುವ ಗೇಮ್ ಆಡುತ್ತಿದ್ದರು ಅಂತ ಶುರುವಾದದ್ದು ಇನ್ನೂ ನಿಂತಿಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡಿಗೆ 20 ಪುಟ್ಟ ಮಕ್ಕಳು, 6 ಜನ ದೊಡ್ಡವರು ಸತ್ತರು. ಒಂದು ವಾರಕ್ಕೆ ಗನ್ ಪರ ವಾದಿಸುವ ರಾಷ್ಟ್ರೀಯ ರೈಫಲ್ ಸಂಘದ ಮುಖ್ಯಸ್ಥರು ಟಿವಿ ಮುಂದೆ ನಿಂತು ಬೈದದ್ದು ಗೇಮ್ ಕಂಪನಿಗಳನ್ನು, ಸಿನಿಮಾದವರನ್ನು. ಮಕ್ಕಳಿಗೆ ಹಿಂಸೆಯ ಗೇಮ್ ಮಾರಬಾರದು ಅಂತ ಕ್ಯಾಲಿಫೋರ್ನಿಯಾ ಮಾಡಿದ್ದ ಕಾನೂನನ್ನು ಇಲ್ಲಿನ ಸುಪ್ರೀಂ ಕೋರ್ಟ್ 2011ರಲ್ಲೇ ತಳ್ಳಿಹಾಕಿತ್ತು. ಮಕ್ಕಳ ಹಳೇ ಕಥೆಗಳಲ್ಲೂ ರಕ್ತಪಾತ ಇದೆಯಲ್ಲ ಅಂತ ಆ ತೀರ್ಪಿನಲ್ಲಿದೆ. ನಿಜ ತಾನೇ? ನರಸಿಂಹ ಕರುಳು ಬಗೆಯೋ ಕಥೆ ಕೇಳಿಕೊಂಡೇ ಮಲಗಿದವರು ನಾವು.

ಜಪಾನ್, ಕೊರಿಯಾ ಮಕ್ಕಳೂ ಇವೇ ಗೇಮ್ ಆಡುತ್ತಾರೆ. ಅಲ್ಲಿ ಶಾಲೆಯಲ್ಲಿ ಗುಂಡಿನ ಸದ್ದು ಕೇಳಿಸುವುದಿಲ್ಲ, ಯಾಕಂದರೆ ಮನೆಗಳಲ್ಲಿ ಗನ್ ತೀರಾ ಕಡಿಮೆ. ಇಲ್ಲಿ 2018ರ ಒಂದು ಅಂದಾಜಿನ ಪ್ರಕಾರ ಜನರ ಕೈಯಲ್ಲಿ 39 ಕೋಟಿ ಗನ್ ಇವೆ, ಜನಸಂಖ್ಯೆಗಿಂತ ಜಾಸ್ತಿ. 2020ರಲ್ಲಿ ಮಕ್ಕಳು, ಹದಿಹರೆಯದವರ ಸಾವಿನ ಕಾರಣಗಳಲ್ಲಿ ಗನ್ ರಸ್ತೆ ಅಪಘಾತವನ್ನೂ ದಾಟಿ ಮೊದಲ ಸ್ಥಾನಕ್ಕೆ ಬಂತು. ಇನ್ನೊಂದು ವಿಷಯ ನಮ್ಮವರ ಕಿವಿಗೆ ಬಿದ್ದ ಹಾಗೇ ಇಲ್ಲ. ಈ ದೇಶದಲ್ಲಿ ಗನ್‌ನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆ. ಮಾರ್ಕ್ಸ್, ಕಾಲೇಜ್ ಅಡ್ಮಿಷನ್ ಅಂತ ಮಕ್ಕಳ ತಲೆ ತಿನ್ನುವ ನಾವೇ ಇದನ್ನು ಮೊದಲು ಯೋಚಿಸಬೇಕಿತ್ತು. ಹದಿನಾರರ ಹುಡುಗನಿಗೆ ಜೀವನವೇ ಸಾಕು ಅನ್ನಿಸುವ ಕೆಟ್ಟ ಗಳಿಗೆ ಎಷ್ಟೋ ಸಲ ಬಂದು ಹೋಗುತ್ತದೆ. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೆ ಅನ್ನೋದು ಮುಖ್ಯ.

ಹಾಗಂತ ಮನರಂಜನೆ ಏನೂ ಮಾಡಲ್ಲ ಅಂತ ಹೇಳುತ್ತಿಲ್ಲ. ಇಲ್ಲಿನ ಮನಶ್ಶಾಸ್ತ್ರಜ್ಞರ ಸಂಘವೇ 2020ರಲ್ಲಿ ಹೇಳಿದ್ದು ಇಷ್ಟು: ಗೇಮ್‌ಗೂ ಸಿಡುಕು, ಕೂಗಾಟಕ್ಕೂ ಸಣ್ಣ ನಂಟಿದೆ, ಆದರೆ ಕೊಲೆಯಂಥ ಹಿಂಸೆಗೆ ಗೇಮೇ ಕಾರಣ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲ. ನನ್ನ ಸಿಟ್ಟಿರೋದು ಗನ್ನನ್ನೇ ಗಂಡಸುತನ ಅಂತ ಮಾರುವವರ ಮೇಲೆ. ಬುಷ್‌ಮಾಸ್ಟರ್ ರೈಫಲ್ ಜಾಹೀರಾತು ಹಾಗೇ ಇತ್ತು, ಇದನ್ನು ಕೊಂಡರೆ ನಿಮ್ಮ ಗಂಡಸುತನದ ಕಾರ್ಡ್ ವಾಪಸ್ ಅಂತ. ಸ್ಯಾಂಡಿ ಹುಕ್‌ನಲ್ಲಿ ಬಳಕೆಯಾದದ್ದು ಅದೇ ಬ್ರ್ಯಾಂಡಿನ ರೈಫಲ್. ಮಕ್ಕಳನ್ನು ಕಳೆದುಕೊಂಡವರು ಜಾಹೀರಾತಿನ ವಿಚಾರವನ್ನೇ ಹಿಡಿದು ಕೇಸ್ ಹಾಕಿದರು. 2022ರಲ್ಲಿ ಆ ರೈಫಲ್ ತಯಾರಿಸಿದ ರೆಮಿಂಗ್ಟನ್ ಕಂಪನಿಯ ವಿಮೆಯವರು 7.3 ಕೋಟಿ ಡಾಲರ್ ಕೊಡಲು ಒಪ್ಪಿದರು.

ಇನ್ನು ನಮ್ಮದು? ಇಲ್ಲಿನ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಎಂಟು ವರ್ಷದ ಹುಡುಗರು ನಮ್ಮ ಸಿನಿಮಾ ಹೀರೋಗಳ ಥರ ಕಪ್ಪು ಕನ್ನಡಕ ಹಾಕಿಕೊಂಡು, ಥರ್ಮೋಕೋಲ್ ಮೆಷಿನ್ ಗನ್ ಹಿಡಿದು ಸ್ಲೋ ಮೋಷನ್‌ನಲ್ಲಿ ನಡೆದು ಬಂದರೆ ನಾವೇ ಶಿಳ್ಳೆ ಹೊಡೆಯುತ್ತೇವೆ. ಅವರೇನೂ ಕೊಲೆಗಾರರಾಗಲ್ಲ. ಆದರೆ ಮನೆಗೆ ಬಂದು ಹಾಲಿವುಡ್ ಬೈಯೋದು ಬೇಡ.

ಕೊಡಗಿನವರೊಬ್ಬರು "ನಮ್ಮ ಮನೇಲೂ ಕೋವಿ ಇತ್ತು, ಏನಾಯ್ತು?" ಅಂತ ಕೇಳಿದ್ದಾರೆ. ಒಳ್ಳೇ ಪ್ರಶ್ನೆ. ಕೊಡವರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ, ಅವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುತ್ತಾರೆ, ಗಂಡು ಮಗು ಹುಟ್ಟಿದರೆ ಒಂದು ಗುಂಡು ಹಾರಿಸುತ್ತಾರೆ. ಮಲೆನಾಡಿನಲ್ಲಿ ಮಂಗ, ಹಂದಿ ಓಡಿಸೋಕೆ ಕೋವಿ ಇಟ್ಟವರು ಚುನಾವಣೆ ಬಂತೆಂದರೆ ಗೊಣಗುತ್ತಾ ಸ್ಟೇಷನ್‌ಗೆ ಹೋಗಿ ಸಾಮಾನ್ಯವಾಗಿ ಠೇವಣಿ ಇಡಬೇಕಾಗುತ್ತದೆ. ಅಲ್ಲೂ ಜಮೀನು ಜಗಳಕ್ಕೆ ಕೋವಿ ಎತ್ತಿದ್ದುಂಟು, ಇಲ್ಲ ಅನ್ನಲ್ಲ. ಆದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಯಾರೂ ತರಕಾರಿ ತರೋಕೆ ಹೋಗಲ್ಲ. ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್‌ನಿಂದ 21 ದಾಟಿದ ಬಹುತೇಕ ಜನರಿಗೆ ಪಿಸ್ತೂಲು ಒಯ್ಯಲು ಪರ್ಮಿಟ್ಟೇ ಬೇಡ. ಕೆಲವು ಅಂಗಡಿ ಬಾಗಿಲಲ್ಲಿ 30.06, 30.07 (ಟೆಕ್ಸಾಸ್ ಕಾನೂನಿನ ಕಲಂ ಸಂಖ್ಯೆಗಳು) ಅಂತ ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ದೊಡ್ಡ ಬೋರ್ಡ್ ಇರುತ್ತದೆ, ಗನ್ ಒಳಗೆ ತರಬೇಡಿ ಅಂತ. ಊರಿಂದ ಬಂದ ಅಪ್ಪ ಅಮ್ಮ ಇದೇನಪ್ಪಾ ಅಂತ ಕೇಳಿದರೆ ಹೇಳೋಕೇ ಮುಜುಗರ.

ಡಲ್ಲಾಸ್ ಕಡೆಯವರಿಗೆ ಅಲೆನ್ ಔಟ್‌ಲೆಟ್ ಮಾಲ್ ಗೊತ್ತೇ ಇದೆ, ಊರಿಂದ ಬಂದವರನ್ನೆಲ್ಲ ಬ್ಯಾಗು, ಶೂ ಕೊಡಿಸೋಕೆ ಕರೆದುಕೊಂಡು ಹೋಗೋದು ಅಲ್ಲಿಗೇ. 2023ರ ಮೇ 6ರಂದು, ಶನಿವಾರ, ಅಲ್ಲಿ ಒಬ್ಬ ಗುಂಡು ಹಾರಿಸಿ 8 ಜನರನ್ನು ಕೊಂದ. ಅವರಲ್ಲಿ ಮೂವರು ಮಕ್ಕಳು, ಒಬ್ಬಳು ತೆಲಂಗಾಣದಿಂದ ಬಂದಿದ್ದ ಎಂಜಿನಿಯರ್ ಹುಡುಗಿ. ಆಮೇಲೆ ನಮ್ಮವರಲ್ಲೇ ಗನ್ ಕೊಳ್ಳೋ ಮಾತು ಜಾಸ್ತಿಯಾಯಿತು. ಎಚ್1ಬಿ ಅಂದರೆ ಕೆಲಸದ ವೀಸಾ ಮೇಲಿದ್ದವರಿಗೆ ಕೆಲವು ವಿನಾಯಿತಿ ಬಿಟ್ಟರೆ ಕಾನೂನೇ ಬಿಡಲ್ಲ. ಗ್ರೀನ್ ಕಾರ್ಡ್ ಬಂದವರು ಕೊಳ್ಳಬಹುದು, ಕೊಂಡಿದ್ದಾರೆ ಕೂಡ.

ಹಾಗಾಗಿ ಮಕ್ಕಳನ್ನು ಅಮೆರಿಕನ್ನರ ಮನೆಗೆ ಆಡೋಕೆ ಕಳಿಸುವಾಗ ಮಾತ್ರ ಗನ್ ಇದೆಯಾ ಅಂತ ಕೇಳಿದರೆ ಸಾಲದು. ನಮ್ಮವರ ಮನೆಗೆ ಪಾಟ್‌ಲಕ್‌ಗೆ, ಅಂದರೆ ಎಲ್ಲರೂ ಒಂದೊಂದು ಅಡುಗೆ ತರುವ ಊಟಕ್ಕೆ ಹೋಗುತ್ತೇವೆ, ಕೆಳಗೆ ನಾವು ಬಿಸಿಬೇಳೆ ಭಾತ್ ತಟ್ಟೆ ಹಿಡಿದು ವೀಸಾ ಮಾತಾಡುತ್ತಿರುತ್ತೇವೆ, ಮಕ್ಕಳೆಲ್ಲ ಮೇಲಿನ ರೂಮಿನಲ್ಲಿ ಬಾಗಿಲು ಹಾಕಿಕೊಂಡಿರುತ್ತಾರೆ. ಆ ಕ್ಲೋಸೆಟ್‌ನಲ್ಲಿ ಏನಿದೆ ಅಂತ ಯಾರಾದರೂ ಕೇಳಿದ್ದೀರಾ? ನಾನು ಕೇಳುತ್ತೇನೆ. ನಮ್ಮ ಮಗಳಿಗೆ ಕಡಲೆಕಾಯಿ ಆಗಿಬರಲ್ಲ, ನಿಮ್ಮನೇಲಿ ನಾಯಿ ಇದೆಯಾ, ಗನ್ ಇದ್ದರೆ ಲಾಕ್ ಮಾಡಿದೆಯಾ, ಎಲ್ಲಾ ಒಂದೇ ಮೆಸೇಜ್‌ನಲ್ಲಿ. ಪಕ್ಕದ ಮನೆಯ ಬಿಳಿಯರು ಕರೆದು ಸೇಫ್ ತೋರಿಸಿದರು. ಮುಖ ಊದಿಸಿಕೊಂಡದ್ದು ನಮ್ಮವರೇ ಒಬ್ಬರು, "ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತ.

ಮಿಶಿಗನ್‌ನ ಆಕ್ಸ್‌ಫರ್ಡ್ ಶಾಲೆಯ ಕೇಸ್ ಓದಿ. 2021ರಲ್ಲಿ ನಾಲ್ವರು ವಿದ್ಯಾರ್ಥಿಗಳನ್ನು ಕೊಂದ 15ರ ಹುಡುಗನಿಗೆ ಆ ಪಿಸ್ತೂಲು ಕೊಡಿಸಿದ್ದು ಮನೆಯವರೇ. 2024ರಲ್ಲಿ ಅಪ್ಪ ಅಮ್ಮ ಇಬ್ಬರಿಗೂ 10ರಿಂದ 15 ವರ್ಷ ಜೈಲಾಯಿತು.

ಫೋರ್ಟ್‌ನೈಟ್ ಕೇಳಿದವರಿಗೆ: ಹೊತ್ತು ನಿಗದಿ ಮಾಡಿ, ಅಪರಿಚಿತರ ವಾಯ್ಸ್ ಚಾಟ್ ಬಂದ್ ಮಾಡಿ, ಅಷ್ಟು ಸಾಕು. ಗನ್ ಇಟ್ಟವರಿಗೆ: ಗುಂಡು ತೆಗೆದು ಲಾಕ್ ಮಾಡಿ, ಗುಂಡನ್ನು ಬೇರೆ ಕಡೆ ಲಾಕ್ ಮಾಡಿ. ಸೀರೆ ಮಡಿಕೆ ಕೆಳಗೆ ಬಚ್ಚಿಟ್ಟಿದ್ದೀನಿ ಅನ್ನಬೇಡಿ, ಚಕ್ಕುಲಿ ಡಬ್ಬ ಎಲ್ಲಿದೆ ಅಂತ ಗೊತ್ತಿರೋ ಮಗುವಿಗೆ ಅದೂ ಗೊತ್ತಿರುತ್ತದೆ. ಎಷ್ಟೋ ಊರುಗಳ ಪೊಲೀಸ್ ಸ್ಟೇಷನ್‌ನಲ್ಲಿ ಗನ್‌ಗೆ ಹಾಕುವ ಕೇಬಲ್ ಲಾಕ್ ಪುಕ್ಕಟೆ ಕೊಡುತ್ತಾರೆ. ನಿಮ್ಮ ಊರಲ್ಲಿ ಕೊಡುತ್ತಾರಾ ಅಂತ ಫೋನ್ ಮಾಡಿ ಕೇಳಿ, ಗೊತ್ತಾದರೆ ಇಲ್ಲೂ ಹಾಕಿ.