ಪರಿಸರಸ್ನೇಹಿ ಬದುಕು: ಎಷ್ಟು ಕೊರತೆಯನ್ನು ಒಪ್ಪಿಕೊಳ್ಳಬಹುದು?

ಪ್ರಶ್ನೆ:
ಮನೆಯ ಕಸವನ್ನು ಕಡಿಮೆ ಮಾಡಲು ಕೆಲವು ಕಾಲದಿಂದ ಪ್ರಯತ್ನಿಸುತ್ತಿದ್ದೇನೆ. ಬಟ್ಟೆ ಚೀಲ, ಸ್ಟೀಲ್ ಬಾಟಲಿ, ಹಸಿ ಕಸದ ಗೊಬ್ಬರ ಇವೆಲ್ಲ ರೂಢಿಯಾಗಿವೆ. ಆದರೂ ತಂದೆಯವರ ಮಾತ್ರೆಗಳು ಮುಗಿದಂತೆಲ್ಲ ಖಾಲಿ ಪಟ್ಟಿಗಳು ಒಣ ಕಸದಲ್ಲಿ ರಾಶಿಯಾಗುತ್ತವೆ. ಕೆಲಸದ ಒತ್ತಡವಿದ್ದ ದಿನ ಹೊರಗಿನಿಂದ ತರಿಸಿದ ಊಟದ ಡಬ್ಬಿಗಳೂ ಅವುಗಳ ಜೊತೆ ಸೇರಿಕೊಳ್ಳುತ್ತವೆ. ಇಡೀ ವರ್ಷದ ಕಸವನ್ನು ಒಂದೇ ಗಾಜಿನ ಭರಣಿಯಲ್ಲಿ ತುಂಬಿ ತೋರಿಸುವವರನ್ನು ಕಂಡಾಗ ನನ್ನ ಪ್ರಯತ್ನಕ್ಕೆ ಅರ್ಥವಿದೆಯೇ ಎಂಬ ಅನುಮಾನ ಕಾಡುತ್ತದೆ. ಕೊರತೆಯನ್ನು ಒಪ್ಪಿಕೊಳ್ಳುವುದಕ್ಕೂ ಸೋಮಾರಿತನಕ್ಕೂ ನಡುವೆ ಗೆರೆ ಎಲ್ಲಿದೆ?

ಉತ್ತರ 1:
ಮೊದಲು ಆ ಭರಣಿಯನ್ನು ಮರೆತುಬಿಡಿ. ಸರಕು ಅಂಗಡಿಗೆ ಬರುವ ಮೊದಲೇ ಬಿಚ್ಚಿ ಎಸೆದ ಹೊದಿಕೆಗಳು, ಉರಿಸಿದ ವಿದ್ಯುತ್ತು, ಮಾಡಿದ ವಿಮಾನ ಪ್ರಯಾಣ ಇವು ಯಾವುವೂ ಅದರೊಳಗೆ ಕಾಣುವುದಿಲ್ಲ. ಇನ್ನು ಮಾತ್ರೆಯ ಪಟ್ಟಿಯ ವಿಷಯ. ತೇವ ತಗಲದಂತೆ ಒಂದೊಂದು ಮಾತ್ರೆಯನ್ನೂ ಪ್ರತ್ಯೇಕವಾಗಿ ಕಾಯುವುದು ಅದರ ಕೆಲಸ. ಪ್ಲಾಸ್ಟಿಕ್ಕಿಗೆ ಅಲ್ಯೂಮಿನಿಯಂ ಹಾಳೆಯನ್ನು ಬಿಗಿಯಾಗಿ ಅಂಟಿಸಿರುವುದರಿಂದ ಎರಡನ್ನೂ ಬೇರ್ಪಡಿಸಿ ಮರುಬಳಕೆ ಮಾಡುವುದು ಕಷ್ಟ. ಅದನ್ನು ಬದಲಿಸಬೇಕಾದವರು ತಯಾರಕರೇ ಹೊರತು ರೋಗಿಯಲ್ಲ.

ಬಟ್ಟೆ ಚೀಲಕ್ಕೂ ಅದರದೇ ಲೆಕ್ಕವಿದೆ. ಬ್ರಿಟನ್ನಿನ ಸರ್ಕಾರಿ ಪರಿಸರ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಮ್ಮೆ ಬಳಸಿ ಎಸೆಯುವ ತೆಳು ಪ್ಲಾಸ್ಟಿಕ್ ಚೀಲಕ್ಕಿಂತ ಹತ್ತಿಯ ಚೀಲ ಭೂತಾಪದ ದೃಷ್ಟಿಯಿಂದ ಮೇಲೆನಿಸಬೇಕಾದರೆ ಅದನ್ನು 131 ಸಲ ಬಳಸಬೇಕಾಗುತ್ತದೆ. ಚರಂಡಿಯಲ್ಲಿ ಸಿಕ್ಕಿಕೊಳ್ಳುವ, ಸಮುದ್ರ ಸೇರುವ ಪ್ಲಾಸ್ಟಿಕ್ಕಿನ ಹಾನಿ ಈ ಅಂಕಿಯಲ್ಲಿ ಸೇರಿಲ್ಲ ಎಂಬುದೂ ನಿಜ. ಆದರೂ ಬಣ್ಣಗೆಟ್ಟು ಹಿಡಿ ಹರಿದ ಹಳೆಯ ಚೀಲಕ್ಕೆ ಹೊಲಿಗೆ ಹಾಕಿ ಬಳಸುವವರು, 'ಪರಿಸರಸ್ನೇಹಿ' ಎಂಬ ಚೀಟಿ ನೋಡಿ ಹೊಸದನ್ನು ಕೊಳ್ಳುತ್ತಲೇ ಇರುವವರಿಗಿಂತ ಮುಂದಿದ್ದಾರೆ.

ಉತ್ತರ 2:
ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ನನ್ನದೊಂದು ತಕರಾರಿದೆ. 'ತಯಾರಕರು ಬದಲಾಗಲಿ' ಎಂಬ ಮಾತು ನಿಜವಾದರೂ, ನೆವವಾಗಿ ಬಲು ಬೇಗ ಒದಗಿಬರುತ್ತದೆ. ಬೇರೆ ದಾರಿ ಕೈಗೆಟುಕುವಂತಿತ್ತೇ ಎಂದು ಕೇಳಿಕೊಂಡರೆ ನೀವು ಹುಡುಕುತ್ತಿರುವ ಗೆರೆ ಸಿಗುತ್ತದೆ: ಮಾತ್ರೆಗೆ ಬೇರೆ ದಾರಿಯಿಲ್ಲ, ತರಿಸಿದ ಊಟಕ್ಕೆ ಎಷ್ಟೋ ದಿನ ಇರುತ್ತದೆ. ಅದರಲ್ಲೂ ಡಬ್ಬಿಗಿಂತ, ಡಬ್ಬಿಯಲ್ಲಿ ಉಳಿದ ಊಟವನ್ನು ಗಮನಿಸಿ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿಯಂತೆ, 2022ರಲ್ಲಿ ಜಗತ್ತಿನಾದ್ಯಂತ ಅಂಗಡಿ, ಹೋಟೆಲು, ಮನೆಗಳಲ್ಲಿ ವ್ಯರ್ಥವಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಶೇ. 60ರಷ್ಟು ಮನೆಗಳದ್ದೇ. ಬೆಳೆಯಲು ಸುರಿದ ನೀರು, ಗೊಬ್ಬರ, ಇಂಧನವೆಲ್ಲ ಅದರೊಂದಿಗೇ ಕಸವಾಗುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಪಟ್ಟಿಗಳ ಚಿಂತೆ ಬಿಟ್ಟು, ಉಳಿಯುವ ಊಟದ ಕಡೆ ಗಮನ ಕೊಡುತ್ತೇನೆ. ಆದರೆ ಮನೆಯವರು ಹಸಿ ಕಸ, ಒಣ ಕಸ ಎರಡನ್ನೂ ಒಂದೇ ಬುಟ್ಟಿಗೆ ಹಾಕಿಬಿಡುತ್ತಾರೆ. ಹೇಳಿ ಹೇಳಿ ನನ್ನ ಮಾತು ಕಿರಿಕಿರಿಯಾಗಿದೆ.

ಉತ್ತರ 3:
ಹೇಳುವುದನ್ನು ನಿಲ್ಲಿಸಿ, ಬುಟ್ಟಿಯ ಜಾಗ ಬದಲಿಸಿ ನೋಡಿ. ತರಕಾರಿ ಹೆಚ್ಚುವ ಕಟ್ಟೆಯ ಪಕ್ಕದಲ್ಲೇ ಹಸಿ ಕಸದ ಬುಟ್ಟಿಯಿದ್ದರೆ ಸಿಪ್ಪೆ ತಾನಾಗಿ ಅದಕ್ಕೇ ಬೀಳುತ್ತದೆ. ಒಣ ಕಸದ್ದನ್ನು ನಾಲ್ಕು ಹೆಜ್ಜೆ ಆಚೆ ಇಡಿ. ಆಮೇಲೂ ಅಷ್ಟಿಷ್ಟು ಬೆರೆತರೆ ಮರುಮಾತಿಲ್ಲದೆ ಆರಿಸಿ ಹಾಕಿಬಿಡಿ.