ರಿಪೋರ್ಟೆಲ್ಲ ನಾರ್ಮಲ್, ಆದ್ರೂ ಸದ್ದು ತಡ್ಕೊಳೋಕಾಗಲ್ಲ

ಪ್ರಶ್ನೆ:
ನಂಗೀಗ 34. ಸ್ಟೀಲ್ ತಟ್ಟೆ ಮೇಲೆ ಚಮಚ ಕರಕರ ಅಂದ್ರೆ ಹಲ್ಲು ಜುಂ ಅಂದು ಬೆನ್ನವರೆಗೂ ಇಳಿಯುತ್ತೆ, ಸೀರೆ ಜರಿ ಸೊಂಟಕ್ಕೆ ತಾಗ್ತಿದ್ರೆ ಎದುರಿಗಿರೋರು ಏನ್ ಹೇಳಿದ್ರೂ ತಲೆಗೆ ಹೋಗಲ್ಲ. ತಂಗಿ ಮದುವೇಲಿ ಗಟ್ಟಿಮೇಳ ಶುರುವಾಗಿದ್ದೇ ತಡ ಕಿವಿ ಮುಚ್ಕೊಂಡು ಸ್ಟೋರ್ ರೂಮಿಗೆ ಓಡ್ದೆ, ಅಕ್ಕಿ ಮೂಟೆಗಳ ಮಧ್ಯ ಒತ್ಕೊಂಡು ಕೂತಿದ್ದೆ, ತಾಳಿ ಕಟ್ಟಿದ್ದು ನೋಡ್ಲೇ ಇಲ್ಲ. ನಾಟಕ ಅಂತಾರೆ ಮನೇಲಿ. ತೋರಿಸ್ಕೊಂಡೆ, ಆಟಿಸಂ ಅಲ್ಲ, ಎಡಿಎಚ್‌ಡಿ ಅನ್ನೋ ಗಮನ ನಿಲ್ಲದ ತೊಂದರೆನೂ ಅಲ್ಲ ಅಂದ್ರು. ಮತ್ತೇನಿದು? ಹೆಸರೇ ಇಲ್ದಿದ್ದನ್ನ ಮನೆಯವ್ರಿಗೆ ಹೇಗೆ ಹೇಳ್ಲಿ?

ಉತ್ತರ 1:
ನಾನು ಆಕ್ಯುಪೇಷನಲ್ ಥೆರಪಿಸ್ಟ್, ದಿನನಿತ್ಯದ ಕೆಲಸಗಳೇ ಕಷ್ಟ ಆಗೋರಿಗೆ ಥೆರಪಿ ಕೊಡ್ತೀನಿ. ನಮ್ಮಲ್ಲಿ ಇದನ್ನ ಸೆನ್ಸರಿ ಪ್ರೊಸೆಸಿಂಗ್ ಡಿಸಾರ್ಡರ್ ಅಂತೀವಿ, ಅಂದ್ರೆ ಸದ್ದು, ಸ್ಪರ್ಶ ಇಂಥವನ್ನ ಮೆದುಳು ಸರಿಯಾಗಿ ಸಂಭಾಳಿಸೋಕಾಗದ ತೊಂದರೆ, ಜೀನ್ ಏರ್ಸ್ ಅನ್ನೋ ಅಮೆರಿಕದ ಥೆರಪಿಸ್ಟ್ 1972ರಲ್ಲೇ ಇದಕ್ಕೆ ಬುನಾದಿಯಾದ ಪುಸ್ತಕ ಬರೆದಿದ್ರು. ಆದ್ರೆ 2013ರಲ್ಲಿ ಬಂದ ಡಿಎಸ್ಎಂ-5 ಅನ್ನೋ ಮನೋವೈದ್ಯರ ಕಾಯಿಲೆ ಪಟ್ಟಿ ಪುಸ್ತಕದಲ್ಲಿ ಇದು ಆಟಿಸಂ ಲಕ್ಷಣಗಳ ಪೈಕಿ ಒಂದಾಗಿ ಇದೆ, ಬೇರೆ ಕಾಯಿಲೆ ಅಂತ ಸೇರಿಸಿಲ್ಲ, ಅದಕ್ಕೇ ಎಷ್ಟೋ ಜನ ನಿಮ್ಮ ಥರ ನಡುವೆ ಸಿಕ್ಕಿ ಒದ್ದಾಡ್ತಾರೆ. ಒಂದು ಮಾತು, ಆ ಮೂಟೆಗಳ ಮಧ್ಯ ಒತ್ಕೊಂಡು ಕೂತ್ರಲ್ಲ, ಅದು ಓಡಿಹೋಗಿದ್ದಲ್ಲ. ಮೈಗೆ ಗಟ್ಟಿಯಾಗಿ ಭಾರ ಬಿದ್ರೆ ತುಂಬಾ ಜನಕ್ಕೆ ಸಮಾಧಾನ ಆಗುತ್ತೆ, ನಿಮ್ಮ ದೇಹ ಅದನ್ನ ತಾನೇ ಹುಡುಕ್ಕೊಂಡಿದೆ. ದಪ್ಪ ಕಂಬಳಿ ನಾಲ್ಕು ಮಡಿಕೆ ಮಾಡಿ ತೊಡೆ ಮೇಲೆ ಇಟ್ಕೊಂಡು ನೋಡಿ.

ಉತ್ತರ 2:
ಕಿವಿನೂ ಒಂದ್ಸಲ ತೋರಿಸಿ. ಮೈಸೂರು ಮಾನಸಗಂಗೋತ್ರೀಲಿ ವಾಕ್ ಶ್ರವಣ ಸಂಸ್ಥೆ ಇದ್ಯಲ್ಲ, ಅಲ್ಲಿ ಆಡಿಯಾಲಜಿಸ್ಟ್‌ಗಳಿದ್ದಾರೆ. ಸಾಧಾರಣ ಸದ್ದೂ ನೋವಾಗೋಷ್ಟು ಜೋರಾಗಿ ಕೇಳಿದ್ರೆ ಹೈಪರಾಕ್ಯೂಸಿಸ್, ಪಕ್ಕದೋರು ಚಪ್ಪರಿಸಿದ್ರೆ ಮೈಯೆಲ್ಲ ಉರಿದ್ರೆ ಅದು ಮಿಸೋಫೋನಿಯಾ, ಎರಡೂ ಬೇರೆಬೇರೆ. ಇನ್ನೊಂದು, ಇಯರ್‌ಪ್ಲಗ್ ಇಡೀ ದಿನ ಹಾಕ್ಕೊಂಡಿರ್ಬೇಡಿ ದಯವಿಟ್ಟು. ನಾನು ಹಾಗೇ ಮಾಡಿ ಕೊನೆಗೆ ಫ್ಯಾನ್ ಸದ್ದೂ ಸಹಿಸೋಕಾಗ್ತಿರ್ಲಿಲ್ಲ, ವಾಪಸ್ ಅಭ್ಯಾಸ ಮಾಡ್ಕೊಳೋಕೆ ತಿಂಗಳುಗಟ್ಟಲೆ ಹಿಡೀತು.

ಉತ್ತರ 3:
ನಮ್ಮಮ್ಮಂಗೆ ನಾನು ಯಾವ ಇಂಗ್ಲಿಷ್ ಹೆಸರೂ ಹೇಳ್ಲಿಲ್ಲ. ಮೆಣಸಿನಕಾಯಿ ಹೆಚ್ಚಿದ ಕೈ ಕಣ್ಣಿಗೆ ತಾಗಿದ್ರೆ ನಿಂಗೆ ಹೇಗಾಗುತ್ತೋ ಕುಕ್ಕರ್ ಕೂಗಿದಾಗ ನಂಗೆ ಹಾಗಾಗುತ್ತಮ್ಮ ಅಂದೆ. ಸುಮ್ನೆ ನಿಂತ್ರು. ಈಗ ಒಲೆ ಹಚ್ಚೋ ಮುಂಚೆನೇ "ಹಿತ್ತಲಿಗೆ ಹೋಗು ಮಗಾ" ಅಂತಾರೆ.

ಪ್ರಶ್ನೆ ಕೇಳಿದವಳು:
ಮೂಟೆ ವಿಷಯ ಓದಿ ಅಳು ಬಂತು, ಇಷ್ಟು ದಿನ ಅದಕ್ಕೇ ನಾಚ್ಕೊಂಡಿದ್ದೆ. ಮುಂದಿನ ತಿಂಗಳು ತಂಗಿ ಮನೆ ಗೃಹಪ್ರವೇಶ. ಈಗ್ತಾನೆ ಫೋನ್ ಮಾಡಿ ಮೆಣಸಿನಕಾಯಿ ಮಾತು ಹೇಳ್ದೆ. ಓಲಗದೋರನ್ನ ಗೇಟ್ ಹತ್ರ ಕೂರಿಸ್ತೀನಿ ಅಕ್ಕ, ಹಿಂದಿನ ರೂಮ್ ಕೀ ನಿನ್ ಹತ್ರಾನೇ ಇರ್ಲಿ ಅಂದ್ಲು.